ಪದಚರ್ಚೆ: ‘ಕಾಂಪೋಸಿಟ್’ಗೆ ‘ಕೂಡುವಸ್ತು’ ಅನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ದಾವಣಗೆರೆಯಲ್ಲಿ ವಿಶ್ವವಿದ್ಯಾಲಯದ ಒಂದು ಸಂಶೋಧನಾ ಕೇಂದ್ರದ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಪಾಲಿಮರ್ ಮತ್ತು ಕಾಂಪೋಸಿಟ್ ವಸ್ತುಗಳ ಕೇಂದ್ರ. ನಾರು, ಬಟ್ಟೆ, ರಾಳ (ಆಮೇಲೆ ಗಟ್ಟಿಯಾಗುವ ಅಂಟು ದ್ರವ) ಸೇರಿಸಿ ಹಲಗೆ ಮಾಡುತ್ತೇವೆ. ಆಮೇಲೆ ಅದನ್ನೇ ಕತ್ತರಿಸಿ, ಎಳೆದು, ಬಗ್ಗಿಸಿ, ಮುರಿದು ನೋಡುತ್ತೇವೆ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಸುತ್ತಲಿನ ಕನ್ನಡ ಶಾಲೆಗಳ ಮಕ್ಕಳು ಇದನ್ನೆಲ್ಲ ನೋಡಲು ಬರುತ್ತಾರೆ. ಪ್ರತಿ ಮಾದರಿಯ ಕೆಳಗೆ ಕನ್ನಡದಲ್ಲಿ ಚೀಟಿ ಬರೆಯುವ ಕೆಲಸ ನನಗೆ ಬಂದಿದೆ. ತುಂಬಾ ಇಷ್ಟದ ಕೆಲಸ. ಆದರೆ ‘ಕಾಂಪೋಸಿಟ್’ ಅನ್ನೋ ಮೊದಲ ಪದಕ್ಕೇ ನಿಮ್ಮ ಸಹಾಯ ಬೇಕಾಗಿದೆ.

ನಿಘಂಟು ತೆಗೆದರೆ ಮೊದಲು ಕೈಗೆ ಸಿಗುವುದು ‘ಸಂಯುಕ್ತ’. ಅದನ್ನೇ ಬರೆದಿಟ್ಟಿದ್ದೆ. ಹೋದ ವಾರ ಒಬ್ಬರು ಪ್ರೌಢಶಾಲೆ ಮೇಷ್ಟ್ರು ವ್ಯವಸ್ಥೆ ನೋಡಿಕೊಂಡು ಹೋಗಲು ಬಂದಿದ್ದರು. ಚೀಟಿ ಓದಿದವರೇ ಕೇಳಿದರು: ‘ಇದು ಸಂಯುಕ್ತ ಹೆಂಗಾಗುತ್ತೆ ಸಾರ್? ನಾವು ಮಕ್ಕಳಿಗೆ ನೀರು ಸಂಯುಕ್ತ, ಉಪ್ಪು ಸಂಯುಕ್ತ ಅಂತ ಹೇಳಿಕೊಟ್ಟಿದ್ದೀವಲ್ಲ.’ ಅವರ ಮಾತು ಸರಿ. ವಿಜ್ಞಾನದ ಪಾಠದಲ್ಲಿ ಧಾತು, ಸಂಯುಕ್ತ, ಮಿಶ್ರಣ ಅಂತ ಮೂರು ಬೇರೆ ಬೇರೆ. ಅದೇ ಮಕ್ಕಳು ಪಕ್ಕದ ಗಣಿತದ ಪಿರಿಯಡ್‌ನಲ್ಲಿ 4, 6, 9 ಇವೆಲ್ಲ ‘ಸಂಯುಕ್ತ ಸಂಖ್ಯೆ’ ಅಂತ ಕಲಿಯುತ್ತಾರೆ. ಅಲ್ಲಿಗೆ ಒಂದೇ ಪದ ಎರಡು ಕಡೆ ದುಡಿಯುತ್ತಿದೆ. ಮೂರನೆಯ ಹೊರೆಯನ್ನೂ ಅದರ ಮೇಲೆಯೇ ಹೇರುವುದು ಬೇಡ ಅನಿಸಿತು.

‘ಮಿಶ್ರಣ’ವೂ ಆಗುವುದಿಲ್ಲ. ಅದೂ ಪಾಠದ ಪದವೇ, ಮೇಲಾಗಿ ಅರ್ಥವೂ ಹೊಂದುವುದಿಲ್ಲ. ‘ಮಿಶ್ರವಸ್ತು’ ಅಂದರೆ ಮಿಶ್ರಲೋಹದ ನೆನಪಾಗುತ್ತದೆ. ಮಿಶ್ರಲೋಹದಲ್ಲಿ ಲೋಹಗಳನ್ನು ಕರಗಿಸಿ ಬೆರೆಸುತ್ತಾರೆ, ಆಮೇಲೆ ಯಾವುದು ಯಾವುದು ಅಂತ ಕಣ್ಣಿಗೆ ಕಾಣುವುದಿಲ್ಲ. ‘ಬೆರಕೆ’ ಅಚ್ಚಗನ್ನಡ ಪದ, ನನಗೆ ಇಷ್ಟವೂ ಹೌದು. ಆದರೆ ನಮ್ಮ ಕಡೆ ಬೆರಕೆ ಅಂದ ಕೂಡಲೇ ಕಲಬೆರಕೆ ಎಣ್ಣೆ, ಕಲಬೆರಕೆ ಹಾಲು ನೆನಪಿಗೆ ಬರುತ್ತದೆ. ಒಳ್ಳೆಯದಕ್ಕೆ ಇಡುವ ಹೆಸರಲ್ಲ ಅದು.

ವಸ್ತು ಎಂಥದ್ದು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲಿನ ಮಂಡಕ್ಕಿ ನಿಮಗೆಲ್ಲ ಗೊತ್ತು. ಮಂಡಕ್ಕಿಗೆ ಚಟ್ನಿಪುಡಿ, ಈರುಳ್ಳಿ ಹಾಕಿ ಕಲಸಿದರೆ ಅದು ಮಿಶ್ರಣ. ಬೇಕೆಂದರೆ ಈರುಳ್ಳಿ ಆರಿಸಿ ತೆಗೆಯಬಹುದು. ಅದೇ ಮಂಡಕ್ಕಿಯನ್ನು ಬೆಲ್ಲದ ಪಾಕಕ್ಕೆ ಹಾಕಿ ಉಂಡೆ ಕಟ್ಟಿ. ಪಾಕ ಪಾಕವಾಗಿಯೇ ಇದೆ, ಮಂಡಕ್ಕಿ ಮಂಡಕ್ಕಿಯಾಗಿಯೇ ಇದೆ, ಕಚ್ಚಿದರೆ ಎರಡೂ ಬೇರೆ ಬೇರೆ ಗೊತ್ತಾಗುತ್ತವೆ. ಆದರೂ ಉಂಡೆಯನ್ನು ಗೋಡೆಗೆ ಎಸೆದರೆ ಒಂದೇ ವಸ್ತುವಿನ ಹಾಗೆ ತಡೆಯುತ್ತದೆ. ಕಾಂಪೋಸಿಟ್ ಅಂದರೆ ಇದೇ. ಎರಡು ವಸ್ತು ತಮ್ಮತನ ಬಿಡದೆ ಒಂದಕ್ಕೊಂದು ಗಟ್ಟಿಯಾಗಿ ಹಿಡಿದುಕೊಂಡು, ಒಂದರಿಂದ ಆಗದ ಕೆಲಸ ಮಾಡುವುದು. ಮಣ್ಣಿಗೆ ಹುಲ್ಲು ಸೇರಿಸಿ, ತುಳಿದು, ಗೋಡೆ ಎಬ್ಬಿಸುತ್ತಿದ್ದ ನಮ್ಮ ಹಳ್ಳಿಗಳವರಿಗೆ ಇದು ಹೊಸ ವಿಚಾರವೇ ಅಲ್ಲ. ಗೋಡೆ ಬಿರುಕು ಬಿಡದ ಹಾಗೆ ಆ ಹುಲ್ಲು ಹಿಡಿದಿಡುತ್ತಿತ್ತು.

ಹಾಗಾಗಿ ನನಗೆ ಹೊಳೆದದ್ದು ‘ಕೂಡುವಸ್ತು’. ಕೂಡುಕುಟುಂಬ ಅನ್ನುತ್ತೇವಲ್ಲ, ಆ ಕೂಡು. ಕೂಡುಕುಟುಂಬದಲ್ಲಿ ಅಣ್ಣ ಅಣ್ಣನೇ, ತಮ್ಮ ತಮ್ಮನೇ. ಯಾರೂ ಕರಗಿ ಹೋಗುವುದಿಲ್ಲ. ಹೊರೆ ಮಾತ್ರ ಹಂಚಿಕೊಳ್ಳುತ್ತಾರೆ. ಪದ ನೋಡಿದ ಕೂಡಲೇ ಮಕ್ಕಳಿಗೆ ಅರ್ಧ ಅರ್ಥ ಆಗಿಬಿಡುತ್ತದೆ ಅಂತ ನನ್ನ ನಂಬಿಕೆ. ಎರಡು ಅನುಮಾನ ಇವೆ. ಕನ್ನಡದ ‘ಕೂಡು’ವಿಗೆ ಸಂಸ್ಕೃತದ ‘ವಸ್ತು’ ಸೇರಿಸಿದ್ದು ಅರಿಸಮಾಸ ಅಂತ ಯಾರಾದರೂ ತಕರಾರು ತೆಗೆಯಬಹುದು. ಆದರೆ ಕೂಡುಕುಟುಂಬವೂ ಹಾಗೇ ಆದ ಪದ, ನಾಲಿಗೆಗೆ ಸಲೀಸಾಗಿ ಕೂತಿದೆ. ಇನ್ನೊಂದು, ಹರಿಹರ ದಾಟಿ ರಾಣೆಬೆನ್ನೂರಿನ ಕಡೆ ಹೋದರೆ ‘ಕೂಡ್ರಿ’ ಅಂದರೆ ಕುಳಿತುಕೊಳ್ಳಿ ಅಂತ. ಆ ಕಡೆಯವರಿಗೆ ‘ಕೂಡುವಸ್ತು’ ಕೇಳಿದರೆ ಏನನಿಸುತ್ತದೆ? ದಯವಿಟ್ಟು ಹೇಳಿ.

‘ನಾರು’ ಪದದ್ದು ಇನ್ನೊಂದು ಕಥೆ. ಅಂಗಡಿಯಲ್ಲಿ ‘ಫೈಬರ್ ಕುರ್ಚಿ’ ಅಂತ ಕೊಡುವುದು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ನಾರೇ ಇರುವುದಿಲ್ಲ. ಜನರ ಬಾಯಲ್ಲಿ ಫೈಬರ್ ಅಂದರೆ ಗಟ್ಟಿ ಪ್ಲಾಸ್ಟಿಕ್ ಅಂತಲೇ ಆಗಿಬಿಟ್ಟಿದೆ. ಹಾಗಾಗಿ ಚೀಟಿಯಲ್ಲಿ ಫೈಬರ್ ಬಿಟ್ಟು ‘ನಾರು’ ಅಂತಲೇ ಬರೆಯುತ್ತಿದ್ದೇನೆ: ಕತ್ತಾಳೆ ನಾರು, ತೆಂಗಿನ ನಾರು, ಚನ್ನಗಿರಿ ಕಡೆಯಿಂದ ತರಿಸಿದ ಅಡಿಕೆ ಸಿಪ್ಪೆಯ ನಾರು. ಗಾಜಿನದಕ್ಕೆ ಮಾತ್ರ ‘ಗಾಜಿನ ಎಳೆ’ ಚೆಂದ ಅನಿಸುತ್ತದೆ. ಗಾಜಿನ ಎಳೆಯ ಬಟ್ಟೆ ನೋಡಿದರೆ ನೇಕಾರರ ಮಾತೇ ನೆನಪಾಗುತ್ತದೆ, ಅದರಲ್ಲೂ ಹಾಸು, ಹೊಕ್ಕು ಇವೆ. ಮೊಳಕಾಲ್ಮೂರು ಸೀರೆ ನೇಯುವ ಮನೆಯ ಮಗುವಿಗೆ ಅದನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

‘ಹೂವಿನ ಜೊತೆ ನಾರೂ ಸ್ವರ್ಗ ಸೇರಿತು’ ಅಂತ ಗಾದೆ ಇದೆ. ನಮ್ಮ ಲ್ಯಾಬ್‌ನಲ್ಲಿ ಹಾಗಲ್ಲ. ಇಲ್ಲಿ ಹೊರೆ ಹೊರುವುದೇ ನಾರು. ರಾಳದ ಕೆಲಸ ಅದನ್ನು ಹಿಡಿದಿಟ್ಟು, ಒಂದು ನಾರಿನ ಭಾರವನ್ನು ಪಕ್ಕದ ನಾರಿಗೆ ದಾಟಿಸುವುದು. ಅಡಿಕೆ ನಾರಿನ ಪಟ್ಟಿಯನ್ನು ಯಂತ್ರದ ಎರಡು ದವಡೆಗೆ ಸಿಕ್ಕಿಸಿ ನಿಧಾನವಾಗಿ ಎಳೆಯುವಾಗ ಹತ್ತಿರ ನಿಂತು ಕೇಳಬೇಕು. ಮೊದಲು ಏನೂ ಇಲ್ಲ. ಆಮೇಲೆ ಒಳಗಿಂದ ಚಟ್, ಚಟ್ ಅಂತ ಸಣ್ಣ ಸದ್ದು. ಕೊನೆಗೆ ಒಮ್ಮೆಲೇ ತುಂಡು. ಮುರಿದ ಜಾಗ ನೋಡಿದರೆ ಕಂದು ಬಣ್ಣದ ನಾರು ಕುಂಚದ ಹಾಗೆ ಹೊರಗೆ ಚಾಚಿಕೊಂಡಿರುತ್ತದೆ. ಕೆಲವು ನಾರು ಹರಿದಿರುವುದಿಲ್ಲ, ರಾಳದಿಂದ ಕಿತ್ತು ಬಂದಿರುತ್ತವೆ, ಅವಿದ್ದ ಕಡೆ ತೂತು ಉಳಿದಿರುತ್ತದೆ. ಅಂದರೆ ನಾರಿಗೂ ರಾಳಕ್ಕೂ ಹಿಡಿತ ಸಾಲಲಿಲ್ಲ. ಅದಕ್ಕೇ ನಾರನ್ನು ಮೊದಲು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿ, ತೊಳೆದು ಒಣಗಿಸುತ್ತೇವೆ. ಮೇಲಿನ ಜಿಡ್ಡು, ಅಂಟು ಹೋಗಿ ನಾರು ತರಿತರಿಯಾಗುತ್ತದೆ, ರಾಳ ಚೆನ್ನಾಗಿ ಹಿಡಿಯುತ್ತದೆ. ಈ ಚೀಟಿಗೆ ‘ನಾರು ಕಿತ್ತು ಬಂದಿದೆ’ ಅಂತ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯ ಮಾತು ಬೇಕಾಗಿಲ್ಲ ಅನಿಸುತ್ತೆ, ಅಲ್ವಾ?

ನಾರನ್ನು ಹಿಡಿದಿಡುವ ಆ ವಸ್ತುವಿಗೆ ಇಂಗ್ಲಿಷಿನವರು ಮ್ಯಾಟ್ರಿಕ್ಸ್ ಅನ್ನುತ್ತಾರೆ. ಗಣಿತದವರ ‘ಮಾತೃಕೆ’ ಇಲ್ಲಿಗೆ ಬೇಡ, ಮಕ್ಕಳು ಅಂಕಿಯ ಚೌಕ ಹುಡುಕುತ್ತಾರೆ. ‘ರಾಳ’ ಅಂದರೆ ಸಾಲದು. ಅಲ್ಯೂಮಿನಿಯಮ್ಮಿನ ಒಳಗೆ ಗಟ್ಟಿ ಹರಳಿನ ಪುಡಿ ಕೂರಿಸಿದ್ದೂ ಕೂಡುವಸ್ತುವೇ, ಅಲ್ಲಿ ರಾಳವೇ ಇಲ್ಲ. ಮ್ಯಾಟ್ರಿಕ್ಸ್ ಪದದ ಬೇರು ಲ್ಯಾಟಿನ್ನಿನ ತಾಯಿ, ಗರ್ಭ. ಹಾಗಾದರೆ ‘ಒಡಲು’ ಹೇಗೆ? ‘ರಾಳದ ಒಡಲಲ್ಲಿ ಗಾಜಿನ ಎಳೆ.’ ನನಗೆ ಇದು ತುಂಬಾ ಹಿಡಿಸಿದೆ.

ಇನ್ನು ಹಾರ್ಡ್ನರ್, ಅಂದರೆ ರಾಳ ಗಟ್ಟಿಯಾಗಲಿ ಅಂತ ಅದಕ್ಕೆ ಬೆರೆಸುವ ವಸ್ತು. ‘ಹೆಪ್ಪು’ ಅನ್ನೋಣ ಅಂತ ಜೊತೆಯವರೊಬ್ಬರು ಹೇಳಿದರು. ಪಾಲಿಯೆಸ್ಟರ್ ರಾಳಕ್ಕೆ ನೂರಕ್ಕೆ ಒಂದೆರಡು ಪಾಲು ಹಾಕಿದರೆ ಸಾಕು, ಗಟ್ಟಿಯಾಗುತ್ತದೆ. ಅಲ್ಲಿ ಹೆಪ್ಪು ಚೆನ್ನಾಗಿ ಹೊಂದುತ್ತದೆ. ಆದರೆ ನಾವು ಬಳಸುವ ಎಪಾಕ್ಸಿ ಅನ್ನೋ ರಾಳದಲ್ಲಿ 100 ಗ್ರಾಂಗೆ 10 ಗ್ರಾಂ ಹಾರ್ಡ್ನರ್ ಬೇಕು, ಅದು ರಾಳದ ಜೊತೆ ಸೇರಿ ಅದರ ಭಾಗವೇ ಆಗುತ್ತದೆ. ಅಲ್ಲಿ ಹೆಪ್ಪು ಅಂದರೆ ತಪ್ಪು ತಿಳಿಯುತ್ತಾರೆ. ಕ್ಯೂರಿಂಗ್ ಅನ್ನೋ ಪದವನ್ನಂತೂ ಬಿಟ್ಟೇಬಿಟ್ಟೆ. ಗಾರೆ ಕೆಲಸದವರ ಮನೆಯಲ್ಲಿ ಕ್ಯೂರಿಂಗ್ ಅಂದರೆ ಗೋಡೆಗೆ ನೀರು ಹೊಡೆಯುವುದು. ‘ಗಟ್ಟಿಯಾಗುವುದು’ ಅಂತ ಬರೆದೆ.

ಪಾಲಿಮರ್ ಮಾತ್ರ ಪಾಲಿಮರ್ ಆಗಿಯೇ ಇರಲಿ. ಎಲ್ಲರ ಕಿವಿಗೂ ಬಿದ್ದಿರುವ ಪದ. ಸ್ವೀಡನ್ನಿನ ರಸಾಯನ ವಿಜ್ಞಾನಿ ಬರ್ಸೀಲಿಯಸ್ 1833ರ ಸುಮಾರಿಗೆ ಗ್ರೀಕಿನಿಂದ ಇದನ್ನು ಕಟ್ಟಿದಾಗ ಅವರ ಮನಸ್ಸಿನಲ್ಲಿದ್ದ ಅರ್ಥ ಬೇರೆ. ಸಣ್ಣ ಅಣುಗಳು ಕೊಂಡಿ ಕೊಂಡಿಯಾಗಿ ಸೇರಿದ ಉದ್ದ ಸರಪಣಿ ಅನ್ನೋ ಇವತ್ತಿನ ಅರ್ಥಕ್ಕೆ ತಳಹದಿ ಹಾಕಿದ್ದು 1920ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಸ್ಟೌಡಿಂಗರ್. ಆಗ ತುಂಬಾ ಜನ ಒಪ್ಪಲಿಲ್ಲ. 1953ರಲ್ಲಿ ಅವರಿಗೆ ನೊಬೆಲ್ ಬಂತು. ಈ ಚೀಟಿಯ ಕೆಳಗೆ ಒಂದು ಹಿಡಿ ಹತ್ತಿ ಇಡುತ್ತೇನೆ. ಹತ್ತಿಯಲ್ಲಿ ಹೆಚ್ಚುಕಡಿಮೆ ನೂರಕ್ಕೆ 90 ಪಾಲು ಸೆಲ್ಯುಲೋಸ್, ಅದೂ ಪಾಲಿಮರೇ. ಹತ್ತಿ ಮಿಲ್‌ಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಅನಿಸಿಕೊಂಡಿದ್ದ ಊರಿನ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಮಾದರಿ ಬೇರೆ ಇಲ್ಲ.

ಹಾಗಾದರೆ ನಾನು ಕೇಳುವುದು ಇಷ್ಟು. ‘ಕೂಡುವಸ್ತು’, ‘ಒಡಲು’ ಎರಡೂ ನಿಮಗೆ ಒಪ್ಪಿಗೆಯೇ? ಇದಕ್ಕಿಂತ ಒಳ್ಳೆಯದು ಬಳಕೆಯಲ್ಲಿದ್ದರೆ ಕೂಡಲೇ ತಿಳಿಸಿ, ನನ್ನದನ್ನು ಬಿಟ್ಟುಕೊಡುತ್ತೇನೆ. ಜೊತೆಗೆ ಹಿರಿಯೂರು, ಚಳ್ಳಕೆರೆ ಕಡೆಯವರಿಗೆ ಒಂದು ಪ್ರಶ್ನೆ. ಕತ್ತಾಳೆ ಪಟ್ಟೆಯನ್ನು ನೀರಿನಲ್ಲಿ ಕೊಳೆಸಿ, ಜಜ್ಜಿ, ನಾರು ಬಿಡಿಸಿ ಹಗ್ಗ ಹೊಸೆಯುತ್ತಿದ್ದವರು ನಿಮ್ಮ ಮನೆಯಲ್ಲಿ ಇದ್ದರೆ, ಒಂದೊಂದು ಹಂತಕ್ಕೂ ಅವರು ಏನನ್ನುತ್ತಿದ್ದರು ಅಂತ ಕೇಳಿ ಬರೆಯುತ್ತೀರಾ? ಅವರ ಮಾತು ಸಿಕ್ಕರೆ ಬರೆಯೋಣ ಅಂತ ಕಾಸ್ಟಿಕ್ ಸೋಡಾದ ಚೀಟಿ ಇನ್ನೂ ಖಾಲಿ ಇಟ್ಟಿದ್ದೇನೆ.