ಕಾಲಿನ ಉಗುರು ಹಳದಿಯಾಗಿ ದಪ್ಪಗಾಗಿದೆ: ಮಾತ್ರೆ ನುಂಗಲೇಬೇಕೇ?

ಪ್ರಶ್ನೆ:
ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು ಒಂದು ವರ್ಷದ ಹಿಂದೆ ತುದಿಯಲ್ಲಿ ಹಳದಿಯಾಗಲು ತೊಡಗಿ, ಈಗ ಅರ್ಧದವರೆಗೂ ದಪ್ಪಗಾಗಿದೆ. ಕತ್ತರಿಸಲು ಹೋದರೆ ಪುಡಿಪುಡಿಯಾಗಿ ಉದುರುತ್ತದೆ, ಅಡಿಯಲ್ಲಿ ಬಿಳಿಯ ಹಿಟ್ಟಿನಂಥದ್ದು ಕೂತಿರುತ್ತದೆ. ನೋವಿಲ್ಲ. ಶಿಲೀಂಧ್ರಕ್ಕೆಂದು ಕೊಂಡ ಮುಲಾಮನ್ನು ಮೂರು ತಿಂಗಳು ಹಚ್ಚಿದರೂ ಗುಣ ಕಾಣಲಿಲ್ಲ. ಮಾತ್ರೆಯೇ ಗತಿಯೇ?

ಉತ್ತರ 1:
ನಿಮ್ಮ ವಿವರಣೆ ಶಿಲೀಂಧ್ರ ಸೋಂಕಿಗೆ ಹೊಂದುತ್ತದೆ, ಆದರೆ ಕಣ್ಣಳತೆಯಲ್ಲಿ ಅದನ್ನು ಖಚಿತಪಡಿಸಲಾಗದು. ರೂಪಗೆಟ್ಟ ಉಗುರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮಾತ್ರ ಶಿಲೀಂಧ್ರ ಕಾರಣವಾಗಿರುತ್ತದೆ. ಚರ್ಮರೋಗ ತಜ್ಞರು ಉಗುರಿನಡಿಯ ಆ ಹಿಟ್ಟನ್ನೇ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕರಗಿಸಿ, ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಎಳೆಗಳನ್ನು ಹುಡುಕುತ್ತಾರೆ. ಮುಲಾಮು ಹಚ್ಚುತ್ತಿದ್ದರೆ ಸೋಂಕಿದ್ದೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದಾದ್ದರಿಂದ, ಅದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಕೇಳಿಕೊಳ್ಳಿ.

ಸಾಮಾನ್ಯ ಮುಲಾಮು ಗಟ್ಟಿ ಉಗುರನ್ನು ದಾಟಿ ಒಳಗಿಳಿಯುವುದು ಕಷ್ಟ. ಸೋಂಕು ತುದಿಯಲ್ಲಷ್ಟೇ ಇದ್ದರೆ ಅಮೊರಾಲ್ಫಿನ್‌ನಂಥ ಬಣ್ಣದ ಹಾಗೆ ಬಳಿಯುವ ಔಷಧ ಸಾಕಾಗಬಹುದು. ಅರ್ಧ ಉಗುರನ್ನು ಆವರಿಸಿದ್ದರೆ ಸಾಮಾನ್ಯವಾಗಿ ಟರ್ಬಿನಾಫಿನ್ 250 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೊಂದರಂತೆ ಕಾಲುಗುರಿಗೆ 12 ವಾರ, ಕೈಯುಗುರಿಗೆ 6 ವಾರ ಕೊಡುತ್ತಾರೆ. ಅಪರೂಪಕ್ಕೆ ಅದು ಯಕೃತ್ತಿಗೆ ಹಾನಿ ಮಾಡುವುದರಿಂದ ಮೊದಲು ರಕ್ತಪರೀಕ್ಷೆ ನಡೆಯುತ್ತದೆ. ಸ್ವಂತ ನಿರ್ಧಾರದಿಂದ ನುಂಗುವ ಮಾತ್ರೆ ಇದಲ್ಲ.

ಉತ್ತರ 2:
ಪರೀಕ್ಷೆಯ ಮಾತಿಗೆ ನನ್ನದೂ ಒತ್ತು. ನಾನು ಶಿಲೀಂಧ್ರವೆಂದೇ ನಂಬಿ ತಿಂಗಳುಗಟ್ಟಲೆ ಔಷಧಿ ಬಳಿದೆ; ಕೊನೆಗೆ ಅದು ಸೋರಿಯಾಸಿಸ್ ಎಂಬ ಚರ್ಮರೋಗವೆಂದು ತಿಳಿಯಿತು. ಕೈಯುಗುರುಗಳ ಮೇಲೆ ಸೂಜಿಮೊನೆಯಿಂದ ಚುಚ್ಚಿದಂಥ ಸಣ್ಣ ಕುಳಿಗಳಿದ್ದವು, ಕಾಲನ್ನೇ ನೋಡುತ್ತಿದ್ದ ನಾನು ಅವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬಿಗಿಯಾದ ಬೂಟಿನ ಒತ್ತಡದಿಂದಲೂ ಹೆಬ್ಬೆರಳ ಉಗುರು ಹೀಗೆ ದಪ್ಪಗಾಗುವುದುಂಟು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಮುಂದಿನ ವಾರ ಮಾದರಿ ಕೊಡುತ್ತೇನೆ. ಮಾತ್ರೆ ಮುಗಿಯುವಷ್ಟರಲ್ಲಿ ಉಗುರು ಮೊದಲಿನಂತಾಗುತ್ತದೆಯೇ?

ಉತ್ತರ 3:
ಆಗುವುದಿಲ್ಲ, ಬಹಳ ಮಂದಿ ಎದೆಗುಂದುವುದು ಅಲ್ಲಿಯೇ. ಕೆಟ್ಟ ಭಾಗ ಮತ್ತೆ ತಿಳಿಯಾಗದು. ಬುಡದಿಂದ ಬರುವ ಹೊಸ ಉಗುರು ಅದನ್ನು ಮುಂದಕ್ಕೆ ತಳ್ಳಬೇಕು. ಕಾಲುಗುರು ತಿಂಗಳಿಗೆ ಸುಮಾರು 1.5 ಮಿಲಿಮೀಟರ್ ಮಾತ್ರ ಬೆಳೆಯುವುದರಿಂದ ಹೆಬ್ಬೆರಳಿಗೆ 12ರಿಂದ 18 ತಿಂಗಳು ಬೇಕು. ಚಿಕಿತ್ಸೆ ಆರಂಭಿಸಿದ ದಿನ ಒಳ್ಳೆಯ ಭಾಗ, ಕೆಟ್ಟ ಭಾಗ ಸೇರುವ ಗಡಿಯಲ್ಲಿ ಅರದಿಂದ ತೆಳುವಾಗಿ ಒಂದು ಗೆರೆ ಎಳೆದುಕೊಳ್ಳಿ. ಗೆರೆ ತುದಿಯತ್ತ ಸಾಗುತ್ತಿದ್ದು, ಅದರ ಹಿಂದಿನ ಉಗುರು ತಿಳಿಯಾಗಿಯೇ ಉಳಿದರೆ ಔಷಧಿ ಕೆಲಸ ಮಾಡುತ್ತಿದೆ. ಹಳದಿ ಬಣ್ಣ ಆ ಗೆರೆಯನ್ನು ದಾಟಿ ಬುಡದ ಕಡೆಗೆ ಬಂದರೆ ವೈದ್ಯರಿಗೆ ತೋರಿಸಿ. ಬೆರಳಸಂದಿಯ ಚರ್ಮ ಸುಲಿಯುತ್ತಿದೆಯೇ ಎಂಬುದನ್ನೂ ನೋಡಿಕೊಳ್ಳಿ, ಅಲ್ಲಿ ಉಳಿದ ಸೋಂಕು ಉಗುರಿಗೆ ಮರಳಬಲ್ಲದು.