ಸರ್ಪಸುತ್ತಿನ ನಂತರದ ಉರಿ: ಅಮ್ಮನಿಗೆ ಗಾಂಜಾ ಎಣ್ಣೆ ಕೊಡಬಹುದಾ?

ತುಂಗಾತೀರ:
ಅಮ್ಮನಿಗೆ 71 ವರ್ಷ. ಹೋದ ವರ್ಷ ಸರ್ಪಸುತ್ತು ಆಗಿತ್ತು. ಗುಳ್ಳೆ ಒಣಗಿದರೂ ಬೆನ್ನಿಂದ ಪಕ್ಕೆವರೆಗೆ ಉರಿ ಹೋಗಿಲ್ಲ, ರವಿಕೆ ತಾಗಿದರೂ ಚೀರುತ್ತಾಳೆ. ನರದ ನೋವಿಗೆ ಕೊಟ್ಟ ಪ್ರೆಗಾಬಾಲಿನ್ ಮಾತ್ರೆಯಿಂದ ಸ್ವಲ್ಪ ಕಡಿಮೆ ಆಗುತ್ತದೆ, ಆದರೆ ದಿನವಿಡೀ ತೂಕಡಿಕೆ. ಟೊರಾಂಟೊದಲ್ಲಿರುವ ಅಕ್ಕ ಮುಂದಿನ ತಿಂಗಳು ಬರುತ್ತಿದ್ದಾಳೆ. ಅವಳ ಅತ್ತೆ ಮಂಡಿನೋವಿಗೆ ಸಿಬಿಡಿ (ಗಾಂಜಾ ಗಿಡದಲ್ಲಿರುವ, ಅಮಲು ಬರಿಸದ ಅಂಶ) ಎಣ್ಣೆ ತೆಗೆದುಕೊಳ್ಳುತ್ತಾರಂತೆ, ಒಂದು ಬಾಟಲಿ ತರಲಾ ಅಂತ ಕೇಳುತ್ತಿದ್ದಾಳೆ. ತರಿಸಬಹುದಾ? ಯಾರಾದರೂ ಬಳಸಿದ್ದೀರಾ?

ಮೇಪಲ್_ಕನ್ನಡಿಗ:
ದಯವಿಟ್ಟು ತರಿಸಬೇಡಿ. ನಾನೂ ಕೆನಡಾದಲ್ಲೇ ಇದ್ದೇನೆ. ಇಲ್ಲಿ 2018ರಿಂದ ಅಂಗಡಿಯಲ್ಲೇ ಸಿಗುತ್ತದೆ, ನಿಜ. ಆದರೆ ಗಡಿ ದಾಟಿಸುವುದು ಇಲ್ಲಿನ ಕಾನೂನಿನಲ್ಲೇ ಅಪರಾಧ, ಡಾಕ್ಟರ್ ಚೀಟಿ ಇದ್ದರೂ ಅಷ್ಟೇ, ಬರೀ ಸಿಬಿಡಿ ಆದರೂ ಅಷ್ಟೇ. ಭಾರತದಲ್ಲಿ ಇಳಿದ ಮೇಲೆ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆ ಬೇರೆ. ಅಕ್ಕನನ್ನು ಸುಮ್ನೆ ತೊಂದರೆಗೆ ಸಿಕ್ಕಿಸಬೇಡಿ.

ಹಳೇಬೆನ್ನು:
1985ರ ಆ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. ಅದಕ್ಕೇ ಎಲೆಯಿಂದ ಮಾಡಿದ ಆಯುರ್ವೇದ ಔಷಧಿ ವಿಜಯಾ ಅನ್ನುವ ಹೆಸರಲ್ಲಿ ವೈದ್ಯರ ಚೀಟಿ ಮೇಲೆ ನಮ್ಮಲ್ಲೂ ಸಿಗುತ್ತದೆ. ಬೆನ್ನು ಆಪರೇಷನ್ ಆದ ಮೇಲೆ ನಾನು ನಾಲ್ಕು ತಿಂಗಳು ತೆಗೆದುಕೊಂಡೆ. ನೋವು ಹೋಗಲಿಲ್ಲ, ನಿದ್ದೆ ಮಾತ್ರ ಬಂತು, ಆಗ ನನಗೆ ಅದೇ ದೊಡ್ಡದು. ಒಂದು ತಪ್ಪು ಮಾಡಿದ್ದೆ. ಮೊದಲ ದಿನ ಒಂದು ಗಂಟೆ ಕಾದು ಏನೂ ಆಗಲಿಲ್ಲ ಅಂತ ಇನ್ನಷ್ಟು ಹನಿ ಹಾಕಿಕೊಂಡೆ, ಆಮೇಲೆ ರಾತ್ರಿಯವರೆಗೂ ಗೋಡೆ ಹಿಡಿದೇ ನಡೆದೆ. ಹೊಟ್ಟೆಗೆ ಹೋದದ್ದು ಹತ್ತಲು ಒಂದೆರಡು ಗಂಟೆ ಬೇಕು.

ರಾತ್ರಿಪಾಳಿ_ನರ್ಸ್:
ನನಗೆ ಭಯ ಆ ಗೋಡೆ ಹಿಡಿದು ನಡೆಯುವುದರ ಬಗ್ಗೆಯೇ. ಎಲೆಯಲ್ಲೂ ಅಮಲಿನ ಟಿಎಚ್‌ಸಿ ಇರುತ್ತದೆ. ಪ್ರೆಗಾಬಾಲಿನ್ ಜೊತೆ ಅದೂ ಸೇರಿದರೆ ಮಂಪರು ಜಾಸ್ತಿ ಆಗುತ್ತದೆ, 71ರಲ್ಲಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಏನು ಗತಿ? ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರಂತೂ ಸಿಬಿಡಿ ಕೂಡ ಅಪಾಯ. ಗಾಂಜಾ ಔಷಧಿ ಕೆಲಸಕ್ಕೇ ಬಾರದು ಅಂತ ಹೇಳುತ್ತಿಲ್ಲ, ನರದ ನೋವಿಗೆ ಕೆಲವರಿಗೆ ಸ್ವಲ್ಪ ಉಪಯೋಗ ಆಗುತ್ತದೆ. ಆದರೆ ಅಮ್ಮನವರಿಗೆ ಇನ್ನೂ ಬೇರೆ ದಾರಿ ಉಳಿದಿದೆ ಅಲ್ವಾ? ಚರ್ಮ ಮರಗಟ್ಟಿಸುವ ಲಿಡೋಕೇನ್ ಪ್ಯಾಚ್ (ಔಷಧಿ ಪಟ್ಟಿ) ಕೇಳಿದ್ದೀರಾ? ಗಾಯ ಪೂರ್ತಿ ಮಾಗಿದ ಚರ್ಮದ ಮೇಲೆ 12 ಗಂಟೆ ಅಂಟಿಸಿ, 12 ಗಂಟೆ ತೆಗೆದಿಡುವುದು. ಅದು ಮಂಪರು ತರುವುದಿಲ್ಲ. ನೋವಿನ ಕ್ಲಿನಿಕ್ ಇರುವ ಆಸ್ಪತ್ರೆಗೆ ಒಮ್ಮೆ ಕರೆದುಕೊಂಡು ಹೋಗಿ, ಮಾತ್ರೆ ಪ್ರಮಾಣ ಬದಲಿಸಬಹುದಾ ಅಂತಲೂ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ.

ತುಂಗಾತೀರ:
ವಾರ್ಫರಿನ್ ಇಲ್ಲ. ಪ್ಯಾಚ್ ಬಗ್ಗೆ ಯಾರೂ ಹೇಳಿರಲಿಲ್ಲ, ಸೋಮವಾರವೇ ಹೋಗುತ್ತೇವೆ. ಅಕ್ಕನಿಗೆ ಬೇಡ ಅಂತ ಈಗಷ್ಟೇ ಫೋನ್ ಮಾಡಿದೆ. ಅಮ್ಮ ನಿನ್ನೆ ರಾತ್ರಿಯೂ ಕೂತೇ ಬೆಳಗು ಮಾಡಿದಳು.