ಪ್ರಶ್ನೋತ್ತರ: ಉಳಿದ ನಾಲ್ಕು ದಿನವನ್ನು ಎಲ್ಲಿ ಕಳೆಯುವುದು?

ಪ್ರಶ್ನೆ (ಪೆರ್ಲದಿಂದ): ನಮಸ್ಕಾರ. ನಾನು ನಿವೃತ್ತ ಚರಿತ್ರೆ ಅಧ್ಯಾಪಕ, ಈಗ ಪೂರ್ಣಾವಧಿ ಅಡಿಕೆ ಕೃಷಿಕ. ಜನವರಿಯಲ್ಲಿ ನಾನು, ಪತ್ನಿ ಮತ್ತು ಅವಳ ಅಕ್ಕ ಹೊರಟಿದ್ದೇವೆ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಹೋಗುವ ಹಾಗೂ ಸಿಂಗಾಪುರದಿಂದ ಬೆಂಗಳೂರಿಗೆ ಮರಳುವ ಟಿಕೆಟ್ ಆಗಿದೆ, ನಡುವಿನದ್ದು ಯಾವುದೂ ಆಗಿಲ್ಲ. ಕೊಯ್ಲಿನ ಸಮಯವಾದ್ದರಿಂದ 13 ರಾತ್ರಿಗಿಂತ ಹೆಚ್ಚು ತೋಟ ಬಿಟ್ಟಿರಲಾರೆ. ಬ್ಯಾಂಕಾಕ್‌ನಲ್ಲಿ 3, ಕೌಲಾಲಂಪುರದಲ್ಲಿ ಸೋದರಳಿಯನ ಮನೆಯಲ್ಲಿ 2, ಸಿಂಗಾಪುರದಲ್ಲಿ ಮಗಳ ಮನೆಯಲ್ಲಿ 4 ರಾತ್ರಿ. ನಾಲ್ಕು ಉಳಿಯುತ್ತವೆ. ನನಗೆ ಅಂಗ್ಕೋರ್ ವಾಟ್ ನೋಡುವ ಆಸೆ, ಪತ್ನಿಗೆ ಬಾಲಿ. ಅಕ್ಕನಿಗೆ ಮೊಣಕಾಲು ನೋವು, ಮೂವರೂ ಸಸ್ಯಾಹಾರಿಗಳು. ಎರಡೆರಡು ದಿನ ಹಂಚಿ ಅಂಗ್ಕೋರ್, ಬಾಲಿ ಎರಡನ್ನೂ ಮುಗಿಸಬಹುದೇ?

ಉತ್ತರ: ನಮಸ್ಕಾರ ಮಾಸ್ತರರೇ. ಮುಗಿಸಬಹುದು, ಆದರೆ ನೋಡಿದಂತೆ ಆಗುವುದಿಲ್ಲ.

ಕಾಸರಗೋಡಿನ ನನ್ನ ಟಿಕೆಟ್ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ‘ಒಂದೇ ಗಂಟೆಯ ವಿಮಾನ’ ಎನ್ನುತ್ತಾರೆ. ಬ್ಯಾಂಕಾಕ್‌ನಿಂದ ಅಂಗ್ಕೋರ್ ಪಕ್ಕದ ಪಟ್ಟಣ ಸಿಯೆಮ್ ರೀಪ್‌ಗೆ ಇರುವುದೂ ಸುಮಾರು ಅಷ್ಟೇ. ಆದರೆ ಬೆಳಗ್ಗೆ ಪೆಟ್ಟಿಗೆ ಕಟ್ಟಬೇಕು, ಕೋಣೆ ಖಾಲಿ ಮಾಡಬೇಕು, ವಾಹನ ದಟ್ಟಣೆಯಲ್ಲಿ ವಿಮಾನ ನಿಲ್ದಾಣ ಸೇರಬೇಕು, ಎರಡೂವರೆ ಗಂಟೆ ಮೊದಲೇ ಸಾಲಿನಲ್ಲಿ ನಿಲ್ಲಬೇಕು. ಆಚೆ ಇಳಿದ ಮೇಲೆ ಮತ್ತೆ ವೀಸಾದ ಸಾಲು. 2023ರ ಅಕ್ಟೋಬರಿನಲ್ಲಿ ಶುರುವಾದ ಅಲ್ಲಿನ ಹೊಸ ವಿಮಾನ ನಿಲ್ದಾಣ ಪಟ್ಟಣದಿಂದ 40 ಕಿ.ಮೀ.ಗೂ ದೂರ. ಕೈಕಾಲು ತೊಳೆದು ಕುಳಿತುಕೊಳ್ಳುವಾಗ ಸಂಜೆಯಾಗಿರುತ್ತದೆ. ಹೀಗೆ ಹೊಸದಾಗಿ ಸೇರಿಸುವ ಪ್ರತಿ ಊರೂ ಒಂದು ಇಡೀ ದಿನವನ್ನು ನುಂಗುತ್ತದೆ. ನಿಮ್ಮ ನಾಲ್ಕು ದಿನಗಳಲ್ಲಿ ಎರಡು ಅಲ್ಲಿಗೇ ಮುಗಿದವು.

ಬಾಲಿಯನ್ನು ಈ ಸಲಕ್ಕೆ ಬಿಡಿ. ಜನವರಿ ಎಂದರೆ ಅಲ್ಲಿ ಮಳೆಗಾಲದ ನಡುಮಧ್ಯ. ಆಟಿಯ ಮಳೆಯಲ್ಲಿ ನೆಂಟರನ್ನು ಬೇಕಲ ಕೋಟೆ ನೋಡಲು ಕರೆದಂತಾಗುತ್ತದೆ.

ಅಂಗ್ಕೋರ್ ವಿಷಯದಲ್ಲಿ ನನಗೂ ಮನಸ್ಸು ಎಳೆಯುತ್ತದೆ. ಆದರೆ ಚರಿತ್ರೆ ಕಲಿಸಿದವರು ಒಂದೂವರೆ ದಿನದಲ್ಲಿ ಅಲ್ಲಿಂದ ಹೊರಡುವುದು ಕಷ್ಟ. ಪ್ರವೇಶಕ್ಕೆ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62 ಡಾಲರ್ ಎಂದು ಇಟ್ಟಿರುವುದರಲ್ಲೇ ಆ ಜಾಗ ಎಷ್ಟು ಸಮಯ ಕೇಳುತ್ತದೆ ಎಂಬುದು ತಿಳಿಯುತ್ತದೆ. ಮೆಟ್ಟಿಲುಗಳು ಕಡಿದು, ಅಕ್ಕ ಕೆಳಗೇ ಕೂರಬೇಕಾದೀತು. ಜೊತೆಗೆ 2025ರಲ್ಲಿ ಥಾಯ್ಲೆಂಡ್, ಕಾಂಬೋಡಿಯಾ ನಡುವೆ ಗಡಿಯಲ್ಲಿ ಕಾಳಗವೇ ನಡೆದು ರಸ್ತೆ ದಾಟುವ ದಾರಿಗಳು ಮುಚ್ಚಿದವು. ‘ಬ್ಯಾಂಕಾಕ್‌ನಿಂದ ಬಸ್ಸಿನಲ್ಲಿ ಹೋಗಿ’ ಎಂಬ ಹಳೆಯ ಸಲಹೆಗಳನ್ನು ಓದಿ ಹೊರಡಬೇಡಿ. ಅಂಗ್ಕೋರ್‌ಗೆಂದೇ ಇನ್ನೊಮ್ಮೆ ಒಂದು ವಾರ ಇಟ್ಟು ಹೋಗಿ.

ಹಾಗಾದರೆ ಎಲ್ಲಿಗೆ? ನಾನಾಗಿದ್ದರೆ ಮೂರು ರಾತ್ರಿಯನ್ನು ಮಲೇಷ್ಯಾದ ಪೆನಾಂಗ್‌ಗೆ ಕೊಡುತ್ತಿದ್ದೆ. ಮಲಯ ಭಾಷೆಯಲ್ಲಿ ‘ಪಿನಾಂಗ್’ ಎಂದರೆ ಅಡಿಕೆ. ‘ಪುಲಾವ್ ಪಿನಾಂಗ್’ ಎಂದರೆ ಅಡಿಕೆಯ ದ್ವೀಪ! ಆ ರಾಜ್ಯದ ಧ್ವಜದ ನಡುವೆ ನಿಂತಿರುವುದೂ ಅಡಿಕೆ ಮರವೇ. ಪೆರ್ಲದ ಕೃಷಿಕರಿಗೆ ಇದಕ್ಕಿಂತ ದೊಡ್ಡ ಶಿಫಾರಸು ನನ್ನಲ್ಲಿಲ್ಲ.

ತಮಾಷೆ ಬದಿಗಿಟ್ಟು ಹೇಳುವುದಾದರೆ, ಅದು ನೀವು ಹೋಗುವ ದಾರಿಯಲ್ಲೇ ಇದೆ. ಬ್ಯಾಂಕಾಕ್‌ನಿಂದ ನೇರ ವಿಮಾನ, ಎರಡು ಗಂಟೆಯೊಳಗೆ. ಅಲ್ಲಿಂದ ಹಡಗಿನಲ್ಲಿ ಕಾಲು ಗಂಟೆ ದಾಟಿದರೆ ಬಟರ್‌ವರ್ತ್ ರೈಲು ನಿಲ್ದಾಣ. ವೇಗದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆಗೆ ಕೌಲಾಲಂಪುರ. ಬಂದ ದಾರಿಗೆ ಮತ್ತೆ ಮರಳುವ ಮಾತೇ ಇಲ್ಲ.

ಅಲ್ಲಿನ ಪಟ್ಟಣ ಜಾರ್ಜ್ ಟೌನ್. 1786ರಲ್ಲಿ ಫ್ರಾನ್ಸಿಸ್ ಲೈಟ್ ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಅಲ್ಲಿ ಇಳಿದ. ಈ ಕಡೆ ಟಿಪ್ಪು ಆಳುತ್ತಿದ್ದ ಕಾಲ. 2008ರಲ್ಲಿ ಮೆಲಾಕದ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿತು. ಕಪಿತಾನ್ ಕೆಲಿಂಗ್ ಪಳ್ಳಿಯ (ಮಸೀದಿಯ) ಬೀದಿಯಲ್ಲಿ ಒಮ್ಮೆ ನಡೆಯಿರಿ: ಒಂದು ತುದಿಯ ಕಡೆಗೆ 1818ರ ಸೈಂಟ್ ಜಾರ್ಜ್ ಇಗರ್ಜಿ, ಮುಂದೆ ಊದುಬತ್ತಿಯ ಹೊಗೆಯಲ್ಲಿ ಮುಳುಗಿದ ಕ್ವಾನ್ ಯಿನ್ ದೇವಿಯ ಚೀನೀ ಗುಡಿ, ಪಕ್ಕದ ಬೀದಿಯಲ್ಲಿ 1833ರ ಮಹಾಮಾರಿಯಮ್ಮನ್ ದೇವಸ್ಥಾನ, ಮತ್ತೆ ಪಳ್ಳಿ. ಎಲ್ಲವೂ ಅರ್ಧ ದಿನದ ನಿಧಾನ ನಡಿಗೆಯೊಳಗೆ, ಏರು ಇಲ್ಲ. ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ಬಾಳೆ ಎಲೆಯಲ್ಲಿ ಅನ್ನ ಸಾರು ಬಡಿಸುತ್ತಾರೆ. ಅಕ್ಕನವರು ಬೆಟ್ಟವನ್ನೂ ನೋಡಬಹುದು: ಪೆನಾಂಗ್ ಹಿಲ್‌ಗೆ 1923ರಿಂದ ಹಳಿಯ ಮೇಲೆ ಎಳೆದೊಯ್ಯುವ ಬಂಡಿ ಇದೆ. ರಜಾದಿನ ಬಿಟ್ಟು ಬೆಳಗ್ಗೆ ಬೇಗ ಹೋಗಿ.

ನಾಲ್ಕನೆಯ ರಾತ್ರಿಯನ್ನು ಬ್ಯಾಂಕಾಕ್‌ಗೇ ಸೇರಿಸಿ. ನಿಮ್ಮದು ರಾತ್ರಿ ಹೊರಡುವ ವಿಮಾನವಾದರೆ ನಸುಕಿಗೆ ಇಳಿಯುತ್ತೀರಿ, ಕೋಣೆ ಸಿಗುವುದು ಮಧ್ಯಾಹ್ನ ಎರಡಕ್ಕೆ. ಮೊದಲ ದಿನ ನಿದ್ದೆಗಣ್ಣಿನಲ್ಲೇ ಹೋಗುತ್ತದೆ; ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರನೆಯ ದಿನ ಹುವಾ ಲಂಫೋಂಗ್ ನಿಲ್ದಾಣದಿಂದ ಸಾಧಾರಣ ರೈಲು ಹಿಡಿದು ಅಯುತ್ಥಯಕ್ಕೆ ಹೋಗಿ ಬನ್ನಿ, ಸುಮಾರು 80 ಕಿ.ಮೀ. ಅಯೋಧ್ಯೆಯ ಹೆಸರು ಹೊತ್ತ ರಾಜಧಾನಿ. 1350ರಲ್ಲಿ ಹುಟ್ಟಿ 1767ರಲ್ಲಿ ಬರ್ಮಾ ಸೈನ್ಯದ ಕೈಯಲ್ಲಿ ಹಾಳಾಯಿತು. ವಾಟ್ ಮಹಾಥಾತ್‌ನಲ್ಲಿ ಮರದ ಬೇರುಗಳ ನಡುವೆ ಸಿಕ್ಕಿಕೊಂಡ ಬುದ್ಧನ ತಲೆ ಇದೆ. ಅದರ ಎದುರು ಫೋಟೋ ತೆಗೆಸಿಕೊಳ್ಳುವವರು ಬುದ್ಧನಿಗಿಂತ ಕೆಳಗೆ ಕುಕ್ಕರಗಾಲಿನಲ್ಲಿ ಕೂರಬೇಕು, ಇಲ್ಲದಿದ್ದರೆ ಕಾವಲಿನವರು ಬಿಡುವುದಿಲ್ಲ. ಅಕ್ಕ ಫೋಟೋ ತೆಗೆಯುವ ಕಡೆ ಇರಲಿ.

ಥಾಯ್ಲೆಂಡಿನಲ್ಲಿ ಊಟಕ್ಕೆ ‘ಜೇ’ ಎಂದು ಕೇಳಿ. ಹಳದಿ ಬಟ್ಟೆಯ ಮೇಲೆ ಕೆಂಪು ಅಕ್ಷರದ ಬಾವುಟ ಇರುತ್ತದೆ. ಮೀನಿನ ರಸ ಮಾತ್ರವಲ್ಲ, ನೀರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಬರಿದೇ ತರಕಾರಿ ಎಂದು ಕೇಳಿದರೆ ಮೀನಿನ ರಸ ಹಾಕಿಯೇ ಕೊಟ್ಟಾರು.

ಪ್ರಶ್ನೆ (ಉಪ್ಪಳದಿಂದ): ನಾನು ಮತ್ತು ಗೆಳತಿ ಹನೋಯ್‌ಗೆ ಹೋಗುತ್ತಿದ್ದೇವೆ, ಎರಡು ದಿನ ಬಿಡುವಿದೆ. ಸಿಯೆಮ್ ರೀಪ್‌ಗೆ ಓಡಿ ಹನೋಯ್‌ಗೇ ವಾಪಸು ಬಂದರೆ ಹೇಗೆ?

ಉತ್ತರ: ನಿಮ್ಮ ಇ-ವೀಸಾವನ್ನು ತೆರೆದು ನೋಡಿ ಅಕ್ಕಾ. ವಿಯೆಟ್ನಾಂ ಇ-ವೀಸಾ 25 ಡಾಲರಿನದ್ದಾದರೆ ಒಂದೇ ಪ್ರವೇಶ. ದೇಶ ಬಿಟ್ಟಿರೋ, ಅದು ಮುಗಿಯಿತು. ಮತ್ತೆ ಒಳಗೆ ಬರಲು 50 ಡಾಲರಿನ ಬಹುಪ್ರವೇಶದ್ದೇ ಬೇಕು. ಎರಡು ದಿನಕ್ಕೆ ನಿನ್ ಬಿನ್ ಸಾಕು, ಹನೋಯ್‌ನಿಂದ ಸುಮಾರು 100 ಕಿ.ಮೀ. ಟ್ರಾಂಗ್ ಆನ್‌ನಲ್ಲಿ ದೋಣಿಯಲ್ಲಿ ಕುಳಿತು ಸುಣ್ಣಕಲ್ಲಿನ ಗುಹೆಗಳೊಳಗೆ ಹೋಗಬಹುದು. ಫೆಬ್ರವರಿ ಆದರೆ ಅಲ್ಲಿನ ಹೊಸವರ್ಷದ ಟೆಟ್ ಹಬ್ಬದ ದಿನಾಂಕ ನೋಡಿಕೊಳ್ಳಿ, ಅಂಗಡಿಗಳು ಮುಚ್ಚಿರುತ್ತವೆ.

ಪ್ರಶ್ನೆ (ಕುಂಬಳೆಯಿಂದ): ಕೊನೆಯ ದಿನ ಖಾಲಿ ಇಡುವುದು ಹಣ ದಂಡವಲ್ಲವೇ?

ಉತ್ತರ: ಒಮ್ಮೆ ಆರು ಮಂದಿಯನ್ನು ಕರೆದುಕೊಂಡು ಹೋಗಿದ್ದೆ. ಅಗ್ಗದ ವಿಮಾನದಲ್ಲಿ ಬಂದು ಅದೇ ಸಂಜೆ ಊರಿನ ವಿಮಾನ ಹಿಡಿಯುವ ಜಾಣತನ ನನ್ನದೇ. ಮೊದಲನೆಯದು ನಾಲ್ಕು ಗಂಟೆ ತಡವಾಯಿತು. ಟಿಕೆಟ್‌ಗಳು ಬೇರೆಬೇರೆ; ಎರಡನೆಯ ಕಂಪೆನಿಯವರಿಗೆ ನಮ್ಮ ಪರಿಚಯವೇ ಇಲ್ಲ. ಆರು ಹೊಸ ಟಿಕೆಟ್‌ಗೆ ಕೊಟ್ಟ ಹಣದಲ್ಲಿ ಆರು ಮಂದಿ ಎರಡು ರಾತ್ರಿ ಒಳ್ಳೆಯ ಕೋಣೆಯಲ್ಲಿ ಮಲಗಬಹುದಿತ್ತು. ಅಂದಿನಿಂದ ಊರಿಗೆ ಹೊರಡುವ ನಗರಕ್ಕೆ ಹಿಂದಿನ ದಿನವೇ ಸೇರುತ್ತೇನೆ. ಮಾಸ್ತರರಿಗೆ ಮಗಳ ಮನೆಯೇ ಇರುವುದರಿಂದ ಆ ಚಿಂತೆ ಇಲ್ಲ.

ಪ್ರಶ್ನೆ (ಪೆರ್ಲದಿಂದ): ಮನೆಯಲ್ಲಿ ಓದಿ ಹೇಳಿದೆ. ‘ಅಡಿಕೆ ಮರ ನೋಡಲು ವಿಮಾನ ಹತ್ತಬೇಕೇ’ ಎಂದು ಪತ್ನಿ ಕೇಳಿದಳು. ಆದರೂ ಒಪ್ಪಿದ್ದಾಳೆ. ಕೌಲಾಲಂಪುರದಲ್ಲಿ ಬಾಟು ಗುಹೆಯ ಸುಬ್ರಹ್ಮಣ್ಯನನ್ನು ನೋಡಬೇಕಂತೆ. ಕಾಗದಪತ್ರ ಏನು ಬೇಕು?

ಉತ್ತರ: ಗುಹೆಗೆ 272 ಮೆಟ್ಟಿಲು. ಅಕ್ಕ ಕೆಳಗಿನ ಎತ್ತರದ ಮೂರ್ತಿಗೆ ಕೈಮುಗಿದು ನೆಲಮಟ್ಟದಲ್ಲಿರುವ ರಾಮಾಯಣ ಗುಹೆ ನೋಡಲಿ. ಸುಬ್ರಹ್ಮಣ್ಯನ ಹಬ್ಬ ತೈಪೂಸಂ ಯಾವ ದಿನ ಬೀಳುತ್ತದೆಂದು ಪಂಚಾಂಗ ನೋಡಿ ಹೇಳಿ. ಆ ದಿನಗಳಲ್ಲಿ ಅಲ್ಲಿಯೂ ಪೆನಾಂಗ್‌ನಲ್ಲಿಯೂ ಜನಸಾಗರ, ಕೋಣೆ ರೈಲು ಎರಡೂ ಸಿಗುವುದಿಲ್ಲ.

ಸಿಂಗಾಪುರಕ್ಕೆ ವೀಸಾ ಬೇಕು, ನಾನು ಹಾಕುತ್ತೇನೆ. ಮಲೇಷ್ಯಾ 30 ದಿನದ ಪ್ರವಾಸಕ್ಕೆ 2026ರ ಕೊನೆಯವರೆಗೆ ವೀಸಾ ಕೇಳುವುದಿಲ್ಲ ಎಂದಿದೆ. ಥಾಯ್ಲೆಂಡ್ 2024ರ ಜುಲೈಯಲ್ಲಿ ಸಡಿಲಿಸಿತು. ಇವು ಬದಲಾಗುವ ನಿಯಮಗಳು, ನಡುವಿನ ಟಿಕೆಟ್ ಮಾಡುವ ದಿನ ಮತ್ತೊಮ್ಮೆ ನೋಡೋಣ. ಮೂರು ದೇಶಗಳಿಗೂ ಇಳಿಯುವ ಮೊದಲಿನ ಮೂರು ದಿನಗಳೊಳಗೆ ಆಗಮನ ಪತ್ರ ತುಂಬಬೇಕು. ಮೂರೂ ಉಚಿತ, ಹಣ ಕೇಳುವ ಜಾಲತಾಣ ತೆರೆದುಕೊಂಡರೆ ಅದು ಸರಕಾರದ್ದಲ್ಲ.

ಪಾಸ್‌ಪೋರ್ಟಿನ ಅವಧಿ ಆರು ತಿಂಗಳಿಗಿಂತ ಹೆಚ್ಚು ಉಳಿದಿರಬೇಕು, ಅಕ್ಕನದ್ದನ್ನು ಮೊದಲು ನೋಡಿ. ಮತ್ತೆ ನಿಮ್ಮ ಕವಳದ ಸಂಚಿಯಲ್ಲಿ ಹೊಗೆಸೊಪ್ಪು ಇದ್ದರೆ ಅದನ್ನು ಪೆರ್ಲದಲ್ಲೇ ಬಿಟ್ಟು ಬನ್ನಿ. ಸಿಂಗಾಪುರದಲ್ಲಿ ಜಗಿಯುವ ಹೊಗೆಸೊಪ್ಪು ನಿಷಿದ್ಧ.